ಹಳ್ಳದ ಹುಲ್ಲು, ಟ್ಯಾಂಕರ್ ನೀರು

"ಎಂತದಾ ಇದು? ಹಳ್ಳದ ಹುಲ್ಲು! ಇದಕ್ಕೂ ದುಡ್ಡು ಕೊಟ್ಯಾ ಮಾರಾಯ?"

ದಸರೆಗೆಂದು ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ನಮ್ಮ ಹಾಲ್‌ನಲ್ಲಿದ್ದ ಗಾಜಿನ ತೊಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ ಇದು. ಮೀನಿನ ಕಡೆ ಅವಳ ಕಣ್ಣೇ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ರಿಬ್ಬನ್ ಥರ ಓಲಾಡುತ್ತಿದ್ದ ವ್ಯಾಲಿಸ್ನೇರಿಯಾ ಗಿಡಗಳನ್ನೇ ನೋಡುತ್ತಿದ್ದಳು. ಅವಳ ತವರಿನ ಹಳ್ಳದಲ್ಲಿ ಎಮ್ಮೆ ಮೈ ತೊಳೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಹುಲ್ಲು ಇದೇ ಅಂತೆ. ಗಿಡಕ್ಕೆ 40 ರೂಪಾಯಿಯಂತೆ ಎಂಟು ಗಿಡ ತಂದಿದ್ದೇನೆ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿ ಹೇಳಿಬಿಟ್ಟಳು.

ಅಷ್ಟು ಹೊತ್ತಿಗೆ ತೊಟ್ಟಿ ಒಂದು ಹದಕ್ಕೆ ಬಂದಿತ್ತು. ಅದಕ್ಕೂ ಮುಂಚಿನ ನಾಲ್ಕು ತಿಂಗಳು ಏನೇನಾಯಿತು ಅನ್ನೋದನ್ನು ಅಮ್ಮನಿಗೂ ಹೇಳಿರಲಿಲ್ಲ.

ಶುರು ಮಾಡಿದ್ದು 2023ರ ಜೂನ್‌ನಲ್ಲಿ. ಚಿಕ್ಕವನಿದ್ದಾಗ ಶಾಲೆ ಪ್ರವಾಸದಲ್ಲಿ ಕಬ್ಬನ್ ಪಾರ್ಕಿನ ಮತ್ಸ್ಯಾಲಯ ನೋಡಿದ್ದೆ. ಆ ಆಸೆ ಎಲ್ಲೋ ಕೂತಿತ್ತು. ಮಗಳು ಕೇಳಿದಳು ಅನ್ನೋದು ಬರೀ ನೆಪ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದೆವು. ಲೆಕ್ಕಕ್ಕೆ 56 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಹಿಡಿಯೋದು 45 ಲೀಟರ್ ಅಷ್ಟೇ.

"ನೀರು ತುಂಬ್ಸಿ ಸಾರ್, ಆಂಟಿ ಕ್ಲೋರಿನ್ ಹಾಕಿ, ಒಂದು ದಿನ ಬಿಟ್ಟು ಮೀನು ಬಿಡಿ. ಏನೂ ಆಗಲ್ಲ" ಅಂದಿದ್ದರು ಅಂಗಡಿಯವರು. ಆರು ನಿಯಾನ್ ಟೆಟ್ರಾ, ನಾಲ್ಕು ಮೋಲಿ ತಂದೆ. "ಇವು ಟ್ಯಾಂಕ್ ಕ್ಲೀನ್ ಮಾಡ್ತವೆ ಸಾರ್" ಅಂತ ಎರಡು ಸಕ್ಕರ್ ಮೀನನ್ನೂ ಕವರಿಗೆ ಹಾಕಿಕೊಟ್ಟರು. ಆ ವಾರ ಕಾವೇರಿ ನೀರು ಸರಿಯಾಗಿ ಬಂದಿರಲಿಲ್ಲ. ಹಾಗಾಗಿ ಬೋರಿನ ನೀರನ್ನೇ ತುಂಬಿಸಿದ್ದೆ.

ಮೂರನೇ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಅಂಗಡಿಗೆ ಓಡಿದೆ. ಒಂದು ನೀಲಿ ಔಷಧಿ ಕೊಟ್ಟರು, ಕಲ್ಲುಪ್ಪು ಹಾಕಿ ಅಂದರು. ಎರಡೂ ಹಾಕಿದೆ. ಒಂಬತ್ತನೇ ದಿನಕ್ಕೆ ಹತ್ತು ಮೀನು ಹೋಗಿದ್ದವು. ಸಕ್ಕರ್ ಎರಡು ಮಾತ್ರ ಏನೂ ಆಗದವರ ಹಾಗೆ ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿದ್ದವು. ವಿಚಿತ್ರ ಅಂದರೆ, ಔಷಧಿ ಹಾಕುವ ಮುಂಚೆ ನೀರು ಸ್ಫಟಿಕದ ಹಾಗಿತ್ತು. ಆಚೆ ಬದಿಗಿಟ್ಟ ಪುಸ್ತಕ ಓದಬಹುದಿತ್ತು.

ಆಫೀಸಿನಲ್ಲಿ ಒಬ್ಬ ಗೆಳೆಯನಿದ್ದಾನೆ. ಹತ್ತು ವರ್ಷದಿಂದ ಮೀನು ಸಾಕುತ್ತಿದ್ದಾನೆ. ಒಂದು ಸಂಜೆ ತನ್ನ ಟೆಸ್ಟ್ ಕಿಟ್ ಹಿಡಿದುಕೊಂಡು ಮನೆಗೆ ಬಂದ. ಗಾಜಿನ ನಳಿಕೆಗೆ ತೊಟ್ಟಿಯ ನೀರು ಹಾಕಿ, ಎರಡು ಬಾಟಲಿಯಿಂದ ಎಣಿಸಿ ಎಣಿಸಿ ಹನಿ ಬಿಟ್ಟು ಅಲ್ಲಾಡಿಸಿದ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿಯೇ ಉಳಿಯಬೇಕಂತೆ. ನಮ್ಮದು ನೋಡನೋಡುತ್ತಲೇ ಹಸಿರಾಯಿತು. ಐದು ನಿಮಿಷಕ್ಕೆ ಕೊತ್ತಂಬರಿ ಚಟ್ನಿ ಬಣ್ಣ.

"ಮೀನನ್ನ ಅವುಗಳ ಉಚ್ಚೆಯಲ್ಲೇ ಇಟ್ಟಿದ್ದೀಯಲ್ಲ ಗುರು" ಅಂದ.

ಅವನು ಹೇಳಿದ್ದು ಇಷ್ಟು. ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತೆ. ತಿಂದು ಉಳಿದಿದ್ದು, ಕೊಳೆತ ಎಲೆ, ಅದರಿಂದಲೂ ಅಮೋನಿಯಾ. ಕೆರೆಯಲ್ಲಿ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ, ಬೇರೆ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದು ಗಿಡಕ್ಕೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾ ಇರೋದೇ ಇಲ್ಲ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಜಾಸ್ತಿ ಇರುವ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಜಾಸ್ತಿ. ನಮ್ಮ ಬೋರಿನ ನೀರಿನ ಪಿಎಚ್ 8.2! ನನ್ನ ಹತ್ತಿರ ಇದ್ದದ್ದು ಅಡುಗೆಮನೆ ಫಿಲ್ಟರಿಗೆಂದು ತಂದ ಟಿಡಿಎಸ್ ಮೀಟರ್ ಒಂದೇ. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತೆ, ಏನು ಕರಗಿದೆ ಅಂತ ಹೇಳಲ್ಲ.

ಸಕ್ಕರ್ ಮೀನು ಒಂದು ಅಡಿಗೂ ಜಾಸ್ತಿ ಬೆಳೆಯುತ್ತೆ ಅಂತ ಗೊತ್ತಾಗಿದ್ದೂ ಅವತ್ತೇ. ಎರಡಡಿ ಟ್ಯಾಂಕಿಗೆ! ಎದುರು ಮನೆಯವರು ಕೆರೆಗೆ ಬಿಟ್ಟುಬಿಡಿ ಅಂದರು. ಬೇಡವೇ ಬೇಡ. ದಕ್ಷಿಣ ಅಮೆರಿಕದ ಈ ಮೀನು ಹೀಗೆ ಬಿಟ್ಟವರಿಂದಲೇ ನಮ್ಮ ಕೆರೆ ಹೊಳೆಗಳಲ್ಲಿ ಸೇರಿಕೊಂಡು, ಬಲೆ ಹಾಕಿದವರಿಗೆ ತಿನ್ನುವ ಮೀನಿನ ಬದಲು ಇದೇ ಸಿಗುವಂತಾಗಿದೆ. ಅಂಗಡಿಗೇ ವಾಪಸ್ ಕೊಟ್ಟೆ. ದುಡ್ಡು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಆಮೇಲೆ ಎಲ್ಲ ಖಾಲಿ ಮಾಡಿ ಮೊದಲಿಂದ ಶುರು. ಈ ಸಲ ತಳಕ್ಕೆ ಜರಡಿ ಹಿಡಿದ ಕೆಂಪು ಮಣ್ಣು ಒಂದು ಇಂಚು, ಅದರ ಮೇಲೆ ತೊಳೆದ ಹೊಳೆ ಮರಳು ಒಂದೂವರೆ ಇಂಚು. ಅಮೆರಿಕದ ಡಯಾನಾ ವಾಲ್‌ಸ್ಟಡ್ ಹೆಸರಿನಲ್ಲಿ ಕರೆಯುವ ಮಣ್ಣಿನ ತೊಟ್ಟಿ ವಿಧಾನ ಹತ್ತಿರಹತ್ತಿರ ಇದೇ. ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ಸಣ್ಣಗೆ ನೀರು ಬಿಡಬೇಕು. ನಾನು ಚೊಂಬಿನಲ್ಲಿ ಸುರಿದೆ. ಎರಡು ದಿನ ತೊಟ್ಟಿ ರಾಗಿ ಅಂಬಲಿ ಆಗಿತ್ತು.

ಗೆಳೆಯ ತನ್ನ ಫಿಲ್ಟರಿನ ಸ್ಪಂಜನ್ನು ನಮ್ಮ ತೊಟ್ಟಿಯಲ್ಲಿ ಹಿಂಡಿದ. ಕಂದು ಬಣ್ಣದ ಕೊಳಕು ನೀರು, ಆ ಬ್ಯಾಕ್ಟೀರಿಯಾ ಇರೋದು ಅದರಲ್ಲೇ. ಹೆಂಡತಿ ಮುಖ ಸಿಂಡರಿಸಿದಳು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂದೆ. ಅವಳಿಗೆ ಸಮಾಧಾನ ಆಯಿತೋ, ಮೊಸರಿನ ಮೇಲೇ ಬೇಜಾರಾಯಿತೋ ಗೊತ್ತಿಲ್ಲ.

ಹೆಪ್ಪು ಹಾಕಿದರೆ ಸಾಲದು, ಹಾಲೂ ಬೇಕಲ್ಲ. ಮೀನಿಲ್ಲದ ತೊಟ್ಟಿಗೆ ಅಮೋನಿಯಾ ನಾವೇ ಹಾಕಬೇಕು. ಲ್ಯಾಬ್ ಸಾಮಾನಿನ ಅಂಗಡಿಯಿಂದ ಅಮೋನಿಯಂ ಕ್ಲೋರೈಡ್ ತಂದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಅಂದರೆ ಇದೇ. 45 ಲೀಟರಿಗೆ 0.3 ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುತ್ತೆ. ಮಗಳ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನಾ ಬರೆದಿಟ್ಟೆ. ಹತ್ತು ದಿನ ಏನೂ ಇಲ್ಲ, ಅದೇ ಹಸಿರು. ಹನ್ನೊಂದನೇ ದಿನ ಹಸಿರು ತೆಳುವಾಯಿತು. ನೈಟ್ರೈಟಿನ ನಳಿಕೆ ಅದುವರೆಗೆ ನೀಲಿ ಇದ್ದದ್ದು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಎರಡು ವಾರ ನೇರಳೆಯೇ. 31ನೇ ದಿನ, ರಾತ್ರಿ ಹಾಕಿದ 2 ಪಿಪಿಎಂ ಮರುದಿನ ರಾತ್ರಿಗೆ ಪೂರ್ತಿ ಮಾಯ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಒಂದೂ ಮೀನಿಲ್ಲದ ತೊಟ್ಟಿ ನೋಡಿ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ಗಿಡಗಳ ಕತೆ ಬೇರೆ. ಅನುಬಿಯಾಸ್ ಅಂತ ಒಂದು ಗಿಡ. ದಪ್ಪ ಹಸಿರು ಎಲೆ, ಶುಂಠಿ ಥರದ ಕಾಂಡ. ಗಿಡ ಅಂದಮೇಲೆ ಮಣ್ಣಲ್ಲಿ ನೆಡಬೇಕಲ್ವಾ, ನೆಟ್ಟೆ. ಆ ಕಾಂಡ ಹೂತರೆ ಕೊಳೆಯುತ್ತೆ, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಬೇಕು ಅಂತ ಗೊತ್ತಾಗೋ ಹೊತ್ತಿಗೆ ಕೈಗೆ ಬಂದಿದ್ದು ಲೋಳೆ. ಕ್ರಿಪ್ಟೊಕೊರೈನ್ ಇನ್ನೊಂದು ಪಾಠ. ನೆಟ್ಟ ಐದೇ ದಿನಕ್ಕೆ ಎಲೆಗಳೆಲ್ಲ ಗಾಜಿನ ಹಾಗೆ ಪಾರದರ್ಶಕ ಆಗಿ ಕರಗಿಹೋದವು. ಸತ್ತವು ಅಂತ ಕಿತ್ತು, ಬೇರು ಸಮೇತ ಬಾಲ್ಕನಿಯ ಬಕೆಟ್ಟಿಗೆ ಎಸೆದೆ. ಮಳೆಗಾಲ, ಬಕೆಟ್ಟಿನಲ್ಲಿ ನೀರು ನಿಂತಿತ್ತು. ಮೂರು ವಾರದ ಮೇಲೆ ಮಗಳು ಕೂಗಿದಳು, "ಅಪ್ಪಾ, ನಿನ್ನ ಸತ್ತ ಗಿಡ ಎಲೆ ಬಿಟ್ಟಿದೆ." ಜಾಗ ಬದಲಾದರೆ ಹಳೆ ಎಲೆ ಉದುರಿಸಿ ಬೇರಿನಿಂದ ಮತ್ತೆ ಚಿಗುರುವುದು ಅದರ ಸ್ವಭಾವವಂತೆ. ಅದೇ ಗಿಡ ಈಗ ತೊಟ್ಟಿಯ ಕಾಲು ಭಾಗ ಆಕ್ರಮಿಸಿದೆ. ಈ ಜಾತಿಯ ಕೆಲವು ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇವೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ, ಮಳೆಯಲ್ಲಿ ಏರಿದಾಗ ಇವು ಹೀಗೇ ಎಲೆ ಬಿಟ್ಟು ಎಲೆ ಉದುರಿಸಿ ಬದುಕಬೇಕು ತಾನೇ.

ಮೀನಿನ ವಿಷಯದಲ್ಲಿ ಈ ಸಲ ಅವಸರ ಮಾಡಲಿಲ್ಲ. ಅಂಗಡಿಯಲ್ಲಿ ಮಿಸ್ ಕೇರಳ ಇತ್ತು. ಉದ್ದನೆಯ ಮೈ, ಕೆಂಪು ಗೆರೆ, ಕಪ್ಪು ಗೆರೆ. ನಮ್ಮ ಘಟ್ಟದ್ದೇ ಮೀನು, ಕಣ್ಣು ಕೀಳೋಕೆ ಆಗಲ್ಲ. ಆದರೆ ಅದು ಅರ್ಧ ಅಡಿ ಬೆಳೆಯುತ್ತೆ, ಗುಂಪಲ್ಲೇ ಇರಬೇಕು, ಓಡಾಡೋಕೆ ನಾಲ್ಕಡಿ ಟ್ಯಾಂಕಾದರೂ ಬೇಕು. ಮಾರಾಟಕ್ಕೆಂದು ಹೊಳೆಗಳಿಂದ ಹಿಡಿದು ಹಿಡಿದೇ ಅದು ಅಳಿವಿನಂಚಿಗೆ ಬಂದಿದೆ. ಬಿಟ್ಟು ಬಂದೆ. ಕೊನೆಗೆ ತಂದಿದ್ದು ಹತ್ತು ಹಾರ್ಲೆಕ್ವಿನ್ ರಾಸ್‌ಬೋರಾ, ಒಂದು ಜೊತೆ ಹನಿ ಗೌರಾಮಿ. ತಿಂಗಳ ಮೇಲೆ ಒಂದು ಡಜನ್ ಕೆಂಪು ಚೆರ್ರಿ ಸೀಗಡಿ. ಈ ಸಲ ತುಂಬಿದ್ದು ಕಾವೇರಿ ನೀರು, ಟಿಡಿಎಸ್ 190.

ದಿನಕ್ಕೆ ಒಂದೇ ಹೊತ್ತು ಊಟ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ಶನಿವಾರ ಉಪವಾಸ. "ಮೀನಿಗೂ ಏಕಾದಶಿಯನಾ?" ಅಂತ ಅಮ್ಮ ನಕ್ಕಿದ್ದು ಅದಕ್ಕೇ.

ಪಾಚಿ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲರಿಗೂ ಬರುತ್ತೆ. ನನಗೆ ಬಂದಿದ್ದು ದುರಾಸೆಯಿಂದ. ಗಿಡ ಬೇಗ ಬೆಳೆಯಲಿ ಅಂತ ಹತ್ತು ಗಂಟೆ ಲೈಟ್ ಹಾಕಿದೆ. ಸಕ್ಕರೆ, ಈಸ್ಟ್ ಹಾಕಿದ ಬಾಟಲಿಯಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟೆ. ಮನೆಯೆಲ್ಲ ಹುಳಿ ಹೆಂಡದ ವಾಸನೆ. ಆ ಬಾಟಲಿ ಒಂದು ದಿನ ಭರ್ರನೆ ಗುಳ್ಳೆ ಬಿಡುತ್ತೆ, ನಾಲ್ಕನೇ ದಿನ ತಣ್ಣಗಾಗುತ್ತೆ. ಈ ಏರುಪೇರಿಗೇ ಕಾಯುತ್ತಿದ್ದ ಹಾಗೆ ಎಲೆ ಅಂಚಿನಲ್ಲೆಲ್ಲ ಕರಿ ಗಡ್ಡದಂಥ ಪಾಚಿ ಹತ್ತಿತು. ಬಾಟಲಿ ಎತ್ತಿಟ್ಟೆ, ಲೈಟಿಗೆ ಟೈಮರ್ ಹಾಕಿ ಏಳು ಗಂಟೆಗೆ ಇಳಿಸಿದೆ, ಗಡ್ಡ ಹತ್ತಿದ ಎಲೆಗಳನ್ನೆಲ್ಲ ಕತ್ತರಿಸಿದೆ. ಎರಡು ತಿಂಗಳಿಗೆ ಹತೋಟಿಗೆ ಬಂತು.

ಗೊಬ್ಬರದ್ದು ಮಾತ್ರ ಹೇಳಲೇಬೇಕು. ವಾಟರ್ ವಿಸ್ಟೀರಿಯಾ ಗಿಡದ ಹಳೆ ಎಲೆಗಳಲ್ಲಿ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು ಬೀಳುತ್ತಿದ್ದವು. ಸೀಗಡಿ ತಿನ್ನುತ್ತಿವೆ ಅಂದುಕೊಂಡೆ. ಪಾಪ, ಅವುಗಳದ್ದೇನೂ ತಪ್ಪಿಲ್ಲ, ಪೊಟ್ಯಾಶ್ ಕಮ್ಮಿಯಾಗಿತ್ತು. ಅಕ್ವೇರಿಯಂ ಗೊಬ್ಬರ ಅಂತ ಅಂಗೈಯಷ್ಟು ಬಾಟಲಿಗೆ ನೂರಾರು ರೂಪಾಯಿ. ಊರಿಗೆ ಹೋದಾಗ ಗೊಬ್ಬರದ ಅಂಗಡಿಯಲ್ಲಿ ಡ್ರಿಪ್‌ಗೆ ಬಿಡುವ 0-0-50 ಪೊಟ್ಯಾಶ್ ಗೊಬ್ಬರ ಕೇಳಿದೆ. "ಎಷ್ಟು ಎಕರೆ?" ಅಂದರು. "ಎರಡಡಿ" ಅಂದೆ. ಒಂದು ಕೆಜಿ ಪ್ಯಾಕೆಟ್ ಕೊಟ್ಟು ನನ್ನ ಮುಖವನ್ನೇ ನೋಡಿದರು. ನಮ್ಮ 45 ಲೀಟರಿಗೆ 5 ಪಿಪಿಎಂ ಪೊಟ್ಯಾಸಿಯಂ ಬೇಕಾದರೆ ಅದರಲ್ಲಿ ಅರ್ಧ ಗ್ರಾಂಗಿಂತ ಒಂಚೂರು ಜಾಸ್ತಿ ಸಾಕು. ವಾರಕ್ಕೊಂದು ಸಲ. ಆ ಪ್ಯಾಕೆಟ್ ನನ್ನ ಜೀವಮಾನಕ್ಕೆ ಮುಗಿಯಲ್ಲ. ಹೊಸ ಎಲೆಗಳಲ್ಲಿ ಒಂದೂ ತೂತಿರಲಿಲ್ಲ.

ಇಷ್ಟಾಗಿ ಎಲ್ಲ ಸರಿಹೋಯಿತು ಅನ್ನುವಾಗ 2024ರ ಬೇಸಿಗೆ ಬಂತು.

ಬೆಂಗಳೂರಲ್ಲಿ ಇದ್ದವರಿಗೆ ಆ ಮಾರ್ಚ್ ಮರೆಯಲ್ಲ. ನಮ್ಮ ಬೋರು ಬತ್ತಿತು. ಕಾವೇರಿ ನೀರು ವಾರಕ್ಕೆ ಒಂದು ದಿನ, ಅದೂ ದಾರದಷ್ಟು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶವೂ ಬಂತು. ನಲ್ಲಿಯಲ್ಲಿ ಬರುತ್ತಿದ್ದದ್ದು ಟ್ಯಾಂಕರ್ ನೀರು. ಮೀಟರ್ ಅದ್ದಿದರೆ 900! ಪಾತ್ರೆಗೆ ಬಿಳಿ ಕಲೆ, ತಲೆಗೂದಲು ತೆಂಗಿನ ನಾರು. ಅಂಥ ಹೊತ್ತಲ್ಲಿ ಮೀನಿಗೆ ವಾರಕ್ಕೊಂದು ಬಕೆಟ್ ನೀರು ಬದಲಿಸುತ್ತೇನೆ ಅಂದರೆ ಮನೆಯವರೇ ಹೊರಗೆ ಹಾಕುತ್ತಾರೆ. ನಿಲ್ಲಿಸಿದೆ.

ಏಪ್ರಿಲ್ ಕೊನೆಗೆ ಬೆಂಗಳೂರಿನ ಬಿಸಿಲು 38 ಡಿಗ್ರಿ ದಾಟಿತು. ತೊಟ್ಟಿಯೊಳಗೆ 31. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಮೀನು ಮತ್ತೆ ಮೇಲೆ ಬಂದು ಬಾಯಿ ಬಿಡತೊಡಗಿದವು. ಟೇಬಲ್ ಫ್ಯಾನನ್ನು ನೀರಿನ ಮೇಲೆ ಗಾಳಿ ಬೀಸುವ ಹಾಗೆ ಇಟ್ಟೆ. ಮಡಕೆ ನೀರು ತಣ್ಣಗಾಗುವ ಲೆಕ್ಕವೇ, ನೀರು ಆವಿಯಾಗುತ್ತಾ ಶಾಖ ಕೊಂಡೊಯ್ಯುತ್ತೆ. ಮೂರು ಡಿಗ್ರಿ ಇಳಿಯಿತು. ಮೀನು ಕೆಳಗೆ ಹೋದವು. ಬೆನ್ನು ತಟ್ಟಿಕೊಂಡೆ.

ಆದರೆ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು. ಅಷ್ಟನ್ನು ನಲ್ಲಿ ನೀರಿನಿಂದ ತುಂಬಿಸುತ್ತಿದ್ದೆ. ಆವಿಯಾಗೋದು ಬರೀ ನೀರು, ಉಪ್ಪೆಲ್ಲ ಒಳಗೇ ಉಳಿಯುತ್ತೆ. ಸಾರು ಬತ್ತಿಸಿದರೆ ಉಪ್ಪಾಗುವುದಿಲ್ವಾ, ಹಾಗೆ. 900ರ ನೀರು ದಿನಾ ಎರಡು ಲೀಟರ್ ಅಂದರೆ 45 ಲೀಟರಿನ ತೊಟ್ಟಿಯಲ್ಲಿ ದಿನಕ್ಕೆ 40 ಏರಿಕೆ. ಈ ಲೆಕ್ಕ ನಾನು ಹಾಕಿದ್ದು ಹನ್ನೆರಡು ದಿನದ ಮೇಲೆ. ಮೀಟರ್ 700 ತೋರಿಸಿತು.

ಗಾಬರಿಯಾದೆ. ಗಾಬರಿಯಲ್ಲಿ ಮಾಡಿದ್ದೇ ದೊಡ್ಡ ತಪ್ಪು. ಅಡುಗೆಮನೆ ಫಿಲ್ಟರಿನ ಆರ್‌ಓ ನೀರು (ಕರಗಿದ ಉಪ್ಪೆಲ್ಲ ಹೆಚ್ಚುಕಮ್ಮಿ ತೆಗೆದ ನೀರು) ಎರಡು ದಿನ ಕೂಡಿಟ್ಟು, ಒಂದೇ ಸಲಕ್ಕೆ ಅರ್ಧ ತೊಟ್ಟಿ ಬದಲಿಸಿದೆ. 700 ಇದ್ದದ್ದು ಒಂದು ಗಂಟೆಯಲ್ಲಿ 370ಕ್ಕೆ ಇಳಿಯಿತು. ಮೀಟರ್ ನೋಡಿ ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಎದ್ದು ನೋಡಿದರೆ ಸೀಗಡಿಗಳು ಪಾಚಿಕಲ್ಲಿನ ಮೇಲೆ ಪಕ್ಕಕ್ಕೆ ವಾಲಿದ್ದವು. ಒಂದೊಂದರ ಕತ್ತಿನ ಸುತ್ತ ಒಂದು ಬಿಳಿ ಗೆರೆ, ಚಿಪ್ಪು ಅಲ್ಲೇ ಬಿರಿದಿತ್ತು. ಹಠಾತ್ತನೆ ನೀರು ಬದಲಾದರೆ ಅವು ಹೊತ್ತಲ್ಲದ ಹೊತ್ತಲ್ಲಿ ಪೊರೆ ಕಳಚೋಕೆ ಹೋಗಿ, ಪೂರ್ತಿ ಕಳಚಲಾಗದೆ ಸಿಕ್ಕಿಕೊಳ್ಳುತ್ತವೆ. ಹನ್ನೆರಡು ಇದ್ದದ್ದು ಮರಿಗಳೆಲ್ಲ ಸೇರಿ ನಲವತ್ತರ ಹತ್ತಿರ ಆಗಿದ್ದವು. ವಾರದಲ್ಲಿ ಐದು ಉಳಿದವು. 700ರಲ್ಲಿ ಅವು ಹೇಗೋ ಹೊಂದಿಕೊಂಡಿದ್ದವು. ಮೆಲ್ಲಗೆ ಏರಿದ್ದನ್ನು ಮೆಲ್ಲಗೇ ಇಳಿಸಬೇಕಿತ್ತು. ಮಗಳಿಗೆ ಏನು ಹೇಳೋದು ಅಂತ ತಿಳಿಯದೆ, ಬಿಸಿಲಿಗೆ ಹೋದವು ಅಂದುಬಿಟ್ಟೆ.

ಅವತ್ತಿಂದ ಆವಿಯಾದ ಜಾಗಕ್ಕೆ ಆರ್‌ಓ ನೀರು ಮಾತ್ರ. ಆರ್‌ಓ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಆಚೆ ಬಿಡುತ್ತೆ, ನೀರಿಲ್ಲದ ಊರಲ್ಲಿ ಅದೂ ಒಂಥರಾ ಪಾಪವೇ. ಆಚೆ ಬಂದದ್ದನ್ನು ಕೊಡದಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ. ತೊಟ್ಟಿಯಿಂದ ತೆಗೆದ ನೀರು ಬಾಲ್ಕನಿಯ ಗಿಡಕ್ಕೆ. ಮೇ ತಿಂಗಳಲ್ಲಿ ಮಳೆ ಬಂದ ಮೇಲೆ ಉಸಿರಾಡಿದೆವು.

ಇಷ್ಟೆಲ್ಲ ಕಲಿತವನು ಜೂನಿನಲ್ಲಿ ಎಡವಿದ್ದು ವಾಟ್ಸಾಪಿನಿಂದ. ಬೇಸಿಗೆ ಮುಗಿದ ಮೇಲೆ ಬಿಲ್ಡಿಂಗಿನ ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರು. "ಇವತ್ತು ನೀರು ಬಳಸಬೇಡಿ" ಅಂತ ಗ್ರೂಪಿನಲ್ಲಿ ಮೆಸೇಜ್ ಇತ್ತಂತೆ. ಗುಡ್ ಮಾರ್ನಿಂಗ್ ಹೂಗಳ ಕಾಟಕ್ಕೆ ನಾನು ಆ ಗ್ರೂಪನ್ನು ಮ್ಯೂಟ್ ಮಾಡಿದ್ದೆ. ಒಂದು ಬಕೆಟ್ ಹಿಡಿದೆ, ಎಂದಿನ ಅಳತೆಯ ಆಂಟಿ ಕ್ಲೋರಿನ್ ಹಾಕಿದೆ, ತೊಟ್ಟಿಗೆ ಸುರಿದೆ. ಎರಡು ನಿಮಿಷ ಆಗಿರಲಿಲ್ಲ. ರಾಸ್‌ಬೋರಾಗಳು ಬಾಣದ ಹಾಗೆ ಗಾಜಿಗೆ ಬಡಿದುಕೊಳ್ಳತೊಡಗಿದವು. ಆಗ ಬಕೆಟ್ ಮೂಸಿ ನೋಡಿದೆ. ಈಜುಕೊಳದ ವಾಸನೆ.

ಆಂಟಿ ಕ್ಲೋರಿನ್ ಅಂದರೆ ಸೋಡಿಯಂ ಥಯೋಸಲ್ಫೇಟ್, ಕಲ್ಲುಸಕ್ಕರೆ ಥರದ ಹರಳು. ಕ್ಲೋರಿನ್ನನ್ನು ಆ ಕ್ಷಣಕ್ಕೇ ಹಿಡಿದುಹಾಕುತ್ತೆ. ಆದರೆ ಕ್ಲೋರಿನ್ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಬೇಕು. ಒಂದು ಚಮಚ ಹರಳು ಲೋಟದಲ್ಲಿ ಕರಗಿಸಿ ಹಾಕಿದೆ. ಕೈ ನಡುಗುತ್ತಿತ್ತು. ಗಾಳಿ ಪಂಪು ಜೋರು ಮಾಡಿದೆ. ಹತ್ತು ನಿಮಿಷಕ್ಕೆ ಬಡಿದಾಟ ನಿಂತಿತು. ಸಂಜೆಗೆ ಮೂರು ರಾಸ್‌ಬೋರಾ ಹೋಗಿದ್ದವು, ಏಳು ಉಳಿದವು. ಗೌರಾಮಿ ಜೊತೆಗೆ ಏನೂ ಆಗಿರಲಿಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತಿರಬಹುದು ಅಂತ ಎರಡು ವಾರ ದಿನಾ ಅಮೋನಿಯಾ ನೋಡಿದೆ. ಒಂದು ದಿನ ತೆಳು ಹಸಿರು ಬಂತು, ಮತ್ತೆ ಹಳದಿ. ಗಿಡಗಳು ತುಂಬಿದ್ದವಲ್ಲ, ಅವೇ ಹೀರಿಕೊಂಡಿರಬೇಕು.

ಈಗ ಅಡುಗೆಮನೆ ಮೂಲೆಯಲ್ಲಿ 20 ಲೀಟರಿನ ಒಂದು ಡ್ರಮ್ ಇದೆ. ಶುಕ್ರವಾರ ನೀರು ಹಿಡಿದಿಡುತ್ತೇನೆ. ಮೂಸುತ್ತೇನೆ, ಮೀಟರ್ ಅದ್ದುತ್ತೇನೆ, ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಚೌಕದಲ್ಲಿ ಅಂಕೆ ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲೇ ನೀರಿನ ಲೆಕ್ಕ. 190, 205, 190. ನಡುವೆ ಒಂದು ದಿನ 640 ಬಂತು. ಸಂಪಿಗೆ ಟ್ಯಾಂಕರ್ ಬಂದಿತ್ತಾ ಅಂತ ವಾಚ್‌ಮನ್‌ನ ಕೇಳಿದೆ. "ಹೌದು ಸಾರ್, ರಾತ್ರಿ ಎರಡು ಗಂಟೆಗೆ. ನಿಮಗೆ ಹೆಂಗೆ ಗೊತ್ತಾಯ್ತು?" ಅಂದ. ಗ್ರೂಪನ್ನೂ ಅನ್‌ಮ್ಯೂಟ್ ಮಾಡಿದ್ದೇನೆ. ಹೂವು ಬಂದರೆ ಬರಲಿ.

ಶನಿವಾರ ಹತ್ತು ಲೀಟರ್ ತೆಗೆದು ಹತ್ತು ಲೀಟರ್ ಹಾಕೋದು. ತೆಗೆದ ನೀರಿಗೆ ಮೂರನೇ ಮಹಡಿಯ ಆಂಟಿ ಬಕೆಟ್ ಕಳಿಸುತ್ತಾರೆ. ಆ ಬೇಸಿಗೆಯಲ್ಲಿ ಕೊಟ್ಟು ಅಭ್ಯಾಸವಾಗಿ, ಅವರ ಕರಿಬೇವಿಗೆ ಈಗ ಅದೇ ಬೇಕಂತೆ.

ವ್ಯಾಲಿಸ್ನೇರಿಯಾ ಮಾತ್ರ ಕೈಗೆ ಸಿಗುತ್ತಿಲ್ಲ. ಮರಳಿನಡಿ ಬಳ್ಳಿ ಬಿಟ್ಟು ಬಿಟ್ಟು ಎಲ್ಲೆಲ್ಲೋ ಏಳುತ್ತೆ. ಹೋದ ತಿಂಗಳು ಒಂದು ಬುಟ್ಟಿ ಕಿತ್ತೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಎಷ್ಟು ಗಿಡ ಆಯ್ತಾ?"

"ಅರವತ್ತು ಇರಬಹುದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದಳು.

"ಎರಡು ಸಾವಿರದ ನಾನೂರು ಆಯ್ತಲ್ಲ ಮಾರಾಯ" ಅಂದಳು.